ಒಂದೇ ಮನೆಯ ಎರಡು ಓಟು

ಮೊನ್ನೆ ದನಗಳ ಲಸಿಕೆ ಕೆಲಸದ ಮೇಲೆ ಒಡೆಯರಪಾಳ್ಯದ ಕಡೆ ಹೋಗಿದ್ದೆ. ಲೊಕ್ಕನಹಳ್ಳಿ ದಾಟಿ ಜೀಪು ಮೇಲೆ ಹತ್ತುತ್ತಿದ್ದಂತೆ ಗಾಳಿ ತಣ್ಣಗಾಯಿತು. ಟಿಬೇಟಿನವರ ಕ್ಯಾಂಪಿನ ಹತ್ತಿರ ಬಂದಾಗ, ಅಂಗಳಗಳಲ್ಲಿ ಒಣಗಲು ಹರವಿದ್ದ ಮುಸುಕಿನ ಜೋಳದ ವಾಸನೆಯೂ, ಯಾರದೋ ಮನೆಯ ಮುಂದೆ ಬೆಳಗಿನ ಪೂಜೆಗೆ ಸುಡುತ್ತಿದ್ದ ಸೊಪ್ಪಿನ ಹೊಗೆಯೂ ಒಟ್ಟಿಗೆ ಬಂದು ಮುಖಕ್ಕೆ ತಗುಲಿದವು. ಸಮುದಾಯ ಭವನದ ಗೋಡೆಯ ಮೇಲೆ ಹೊಸ ಪೋಸ್ಟರುಗಳು. ಅವರ ಲಿಪಿ ನನಗೆ ಓದಲು ಬರುವುದಿಲ್ಲ. ಆದರೆ ಅಂಥ ಪೋಸ್ಟರು ಹಿಂದೆಯೂ ನೋಡಿದ್ದೆನಾದ್ದರಿಂದ ವಿಷಯ ತಿಳಿಯಿತು. ಮತ್ತೆ ಅಧ್ಯಕ್ಷರ ಚುನಾವಣೆ ಬಂದಿದೆ.

ಡ್ರೈವರಿಗೆ ಸ್ವಲ್ಪ ನಿಲ್ಲಿಸಪ್ಪ ಅಂದೆ. ಲೋಬ್ಸಂಗ್ ಮತ್ತು ಡೋಲ್ಕರ್ ದಂಪತಿಯ ಮನೆ ಅಲ್ಲಿಂದ ಕೂಗಳತೆಯಲ್ಲಿದೆ. ಇಬ್ಬರೂ ಈಗಲೂ ಗಟ್ಟಿಯಾಗಿದ್ದಾರೆ, ಹಲ್ಲು ಮಾತ್ರ ಕಡಿಮೆಯಾಗಿವೆ. ಅವರ ಬಾಗಿಲು ತಟ್ಟುವ ಮೊದಲು ಆ ಹಳೆಯ ವರ್ಷವನ್ನು ಒಮ್ಮೆ ಮನಸ್ಸಿನಲ್ಲಿ ತಿರುವಿ ಹಾಕಬೇಕೆನ್ನಿಸಿತು. ಜೀಪಿನಲ್ಲೇ ಸ್ವಲ್ಪ ಹೊತ್ತು ಕೂತಿದ್ದೆ.

ನಾನು ಯಳಂದೂರಿನವಳು. ಪಶುವೈದ್ಯೆಯಾಗಿ ಮೊದಲ ಪೋಸ್ಟಿಂಗ್ ಸಿಕ್ಕಿದ್ದು ಒಡೆಯರಪಾಳ್ಯಕ್ಕೆ. ಆದೇಶ ಕೈಗೆ ಬಂದ ದಿನ ಅವ್ವ, "ಅಲ್ಲಿ ಆನೆ ಬತ್ತವಂತಲ್ಲ ಮಗಾ" ಎಂದು ಶುರು ಮಾಡಿದವಳು ನಾನು ಪೆಟ್ಟಿಗೆ ಕಟ್ಟುವ ತನಕ ನಿಲ್ಲಿಸಲಿಲ್ಲ. ಅವಳ ಸಂಕಟ ಆನೆಯದಲ್ಲ. ನನ್ನ ತಮ್ಮ ಮಂಜು ಅದೇ ವರ್ಷ ಸೈನ್ಯದ ಟ್ರೈನಿಂಗ್ ಮುಗಿಸಿ ಉತ್ತರದ ಗಡಿಗೆ ಹೋಗಿದ್ದ. ಒಂದೇ ವರ್ಷದಲ್ಲಿ ಇಬ್ಬರೂ ಮನೆ ಬಿಟ್ಟಂತಾಯಿತು. ಅವ್ವ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ. ಹಗಲೆಲ್ಲ ಊರ ಮಕ್ಕಳ ಗಲಾಟೆ, ಸಂಜೆ ಮನೆಗೆ ಬಂದರೆ ಸ್ವಂತ ಮಕ್ಕಳ ಸದ್ದೇ ಇಲ್ಲ ಎಂದು ಫೋನಿನಲ್ಲಿ ಹೇಳುತ್ತಿದ್ದಳು.

ಒಡೆಯರಪಾಳ್ಯದಲ್ಲಿ ನನಗೆ ಒಂದು ರೂಮು ಕೊಟ್ಟವರು ತಾಯಮ್ಮ. ಐವತ್ತು ದಾಟಿದ ಹೆಂಗಸು, ದೊಡ್ಡ ಗಂಟಲು. ಕ್ಯಾಂಪಿನಲ್ಲಿ ಲೋಬ್ಸಂಗ್ ಅವರ ಜಮೀನನ್ನು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಮಾತಿಗೆ, ಮಾಡಿಕೊಂಡು ಜೋಳ ಬೆಳೆಯುತ್ತಿದ್ದರು. ನಾನು ಬಂದ ಹೊಸದರಲ್ಲೇ ಒಂದು ಬೆಳಿಗ್ಗೆ ಅವರೇ ಆಸ್ಪತ್ರೆಗೆ ಓಡಿ ಬಂದರು.

"ಡಾಕ್ಟ್ರವ್ವ, ಟಿಬೇಟಿ ತಾತನ ಮನೆ ಅಸು ಕರ ಆಕ್ಬುಟ್ಟು ಮಲಗ್ಬುಟ್ಟದೆ. ಏಳಕ್ಕೇ ಆಯ್ತಾ ಇಲ್ಲ. ಬಾ ಬಿರ್ನೆ."

ಹೋಗಿ ನೋಡಿದರೆ ಕಪ್ಪು ಬಿಳಿ ಮಚ್ಚೆಯ ದೊಡ್ಡ ಹಸು, ಕುತ್ತಿಗೆ ಪಕ್ಕಕ್ಕೆ ತಿರುಗಿಸಿಕೊಂಡು ಬಿದ್ದಿತ್ತು. ಕಿವಿ ತಣ್ಣಗೆ. ಕರು ಹಾಕಿದ ಮೇಲೆ ಕ್ಯಾಲ್ಸಿಯಂ ಇಳಿದು ಬರುವ ಹಾಲುಜ್ವರ. ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಎತ್ತರದ ಮುದುಕನೊಬ್ಬ ಕೂತಿದ್ದ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಡಾಕ್ಟ್ರು ಎಲ್ಲಿ?" ಅಂದ.

"ನಾನೇ."

"ನೀನು ಚಿಕ್ಕ ಉಡುಗಿ. ಅಸು ದೊಡ್ಡದು."

ತಾಯಮ್ಮ ನಕ್ಕುಬಿಟ್ಟರು. ಲೋಬ್ಸಂಗ್ ಕನ್ನಡ ಕಲಿತದ್ದು ಹೊಲದಲ್ಲಿ, ಕೂಲಿಗೆ ಬರುತ್ತಿದ್ದವರಿಂದ. ಬಹುವಚನ ಎಂಬುದೊಂದಿದೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಹನೂರಿನಲ್ಲಿ ತಹಸೀಲ್ದಾರರಿಗೂ "ಬಾ, ಕೂತ್ಕ" ಅಂದಿದ್ದರಂತೆ. ನಾನು ರಕ್ತನಾಳ ಹುಡುಕಿ ಕ್ಯಾಲ್ಸಿಯಂ ಬಾಟಲಿ ಏರಿಸಿದೆ. ಬಾಟಲಿ ಮುಗಿದು ಸ್ವಲ್ಪ ಹೊತ್ತಿಗೆ ಹಸುವಿನ ಮೈ ನಡುಗಿತು, ಒಂದು ಸಲ ತೇಗಿತು, ಮುಂಗಾಲು ಊರಿ ಎದ್ದು ನಿಂತಿತು. ಬಾಗಿಲಲ್ಲಿ ಮಣಿ ಎಣಿಸುತ್ತ ನಿಂತಿದ್ದ ಡೋಲ್ಕರ್ ಓಡಿ ಬಂದು ನನ್ನ ಎರಡೂ ಕೈ ಹಿಡಿದು ತಮ್ಮ ಹಣೆಗೆ ಒತ್ತಿಕೊಂಡರು. ಸಗಣಿ, ಔಷಧಿ ಯಾವುದನ್ನೂ ನೋಡಲಿಲ್ಲ.

ಆಮೇಲೆ ಉಪ್ಪು ಬೆಣ್ಣೆ ಹಾಕಿದ ಚಹಾ ಬಂತು. ತಾಯಮ್ಮ ಕಿವಿಯಲ್ಲಿ, "ಟೀ ಅಂದ್ಕಂಡ್ರೆ ಗಂಟಲಲ್ಲಿ ಇಳಿಯಲ್ಲ ಕನವ್ವ. ಸಾರು ಅಂದ್ಕಂಡು ಕುಡ್ದುಬುಡು" ಅಂದರು. ಹಾಗೆಯೇ ಕುಡಿದೆ. ಆ ಚಳಿಗಾಲ ಮುಗಿಯುವಷ್ಟರಲ್ಲಿ ಅದಿಲ್ಲದೆ ನನ್ನ ಬೆಳಗು ಆಗುತ್ತಿರಲಿಲ್ಲ. ಲೋಬ್ಸಂಗ್ ಅವರನ್ನು ಪಾಲಾ ಎಂದೂ ಡೋಲ್ಕರ್ ಅವರನ್ನು ಅಮಾಲಾ ಎಂದೂ ಕರೆಯುವುದನ್ನು ಅವರ ಮೊಮ್ಮಗಳು ಪೇಮಾ ಕಲಿಸಿದಳು. ಅಪ್ಪ, ಅಮ್ಮ ಎಂದು ಅರ್ಥ.

ಪೇಮಾ ಕೊಳ್ಳೇಗಾಲದ ಕಾಲೇಜಿನಲ್ಲಿ ಓದು ಮುಗಿಸಿ ಬಂದವಳು. ಅವಳ ಅಪ್ಪ ಅಮ್ಮ ಜೋಳ ಮುರಿದ ಕೂಡಲೇ ಸ್ವೆಟರ್ ಗಂಟು ಕಟ್ಟಿಕೊಂಡು ದೂರದ ಪೇಟೆಗಳಿಗೆ ಹೋಗಿ, ಚಳಿ ಮುಗಿದ ಮೇಲೆ ವಾಪಸ್ಸು ಬರುತ್ತಿದ್ದರು. ಹಾಗಾಗಿ ಅವಳು ಬೆಳೆದದ್ದೆಲ್ಲ ಅಜ್ಜ ಅಜ್ಜಿಯ ಕೈಯಲ್ಲಿ. ದಿನಾ ಬೆಳಕು ಹರಿಯುವ ಹೊತ್ತಿಗೆ ಕ್ಯಾಂಪಿನ ರಸ್ತೆಯಲ್ಲಿ ಓಡುತ್ತಿದ್ದಳು. ಆನೆಯ ಲದ್ದಿ ಬಿಸಿಯಾಗಿದ್ದರೆ ಮಾತ್ರ ತಿರುಗಿ ಬರುತ್ತಿದ್ದಳು. ಯಾಕೆ ಓಡುತ್ತೀ ಎಂದು ಕೇಳಿದ್ದಕ್ಕೆ, "ಸೈನ್ಯಕ್ಕೆ ಸೇರ್ತೀನಿ ಅಕ್ಕಾ. ನಮ್ಮೋರದ್ದೇ ಪಡೆ ಇದೆ. ಪೋಲಾ ಇದ್ದದ್ದೂ ಅದರಲ್ಲೇ" ಅಂದಳು. ಅಜ್ಜನನ್ನು ಅವಳು ಪೋಲಾ, ಅಜ್ಜಿಯನ್ನು ಮೋಲಾ ಎನ್ನುತ್ತಿದ್ದಳು.

ಲೋಬ್ಸಂಗ್ ಇನ್ನೂ ಮೀಸೆ ಚಿಗುರುವ ವಯಸ್ಸಿನಲ್ಲಿ ಆ ಪಡೆಗೆ ಸೇರಿ, ಪೂರ್ವದ ಕಾಡುಗುಡ್ಡಗಳಲ್ಲಿ ಬೇರೊಂದು ನಾಡಿನ ಜನರ ಬಿಡುಗಡೆಗಾಗಿ ನಡೆದ ಯುದ್ಧದಲ್ಲಿ ಕಾದಾಡಿದ್ದರು. ಅದೇ ಕಂಪನಿಯಲ್ಲಿ ಡೋಲ್ಕರ್ ಅವರ ಅಣ್ಣನೂ ಇದ್ದ. ಅವನು ವಾಪಸ್ಸು ಬರಲಿಲ್ಲ. ಅವನ ಕಂಬಳಿಯನ್ನು ತಂಗಿಗೆ ತಲುಪಿಸಲು ಹೋದವರೇ ಲೋಬ್ಸಂಗ್. ಮುಂದಿನ ರಜೆಗೂ ಹೋದರು, ಅದರ ಮುಂದಿನ ರಜೆಗೂ ಹೋದರು. ಮದುವೆಯಾಗಿ, ಇಲ್ಲಿ ಕಾಡು ಕಡಿದು ಜಮೀನು ಕೊಡುತ್ತಿದ್ದಾರೆ ಎಂದು ತಿಳಿದು ಇಬ್ಬರೂ ಒಡೆಯರಪಾಳ್ಯಕ್ಕೆ ಬಂದರು. ಇದೆಲ್ಲ ಡೋಲ್ಕರ್ ಹೇಳಿದ್ದು, ಹಸುವಿನ ಕೆಚ್ಚಲು ತೊಳೆಯುತ್ತ, ನಗುನಗುತ್ತ. "ಅಣ್ಣನ್ನ ಕಳ್ಕಂಡೆ, ಇವನ್ನ ತಕಂಡೆ" ಅಂದಿದ್ದರು.

ಅವರ ಚುನಾವಣೆಯ ಬಗ್ಗೆ ನನಗೆ ಮೊದಲು ಏನೂ ತಿಳಿದಿರಲಿಲ್ಲ. ಪೇಮಾ ಹೇಳಿದಳು. ದೇಶ ಬಿಟ್ಟು ಬಂದವರೆಲ್ಲ, ಯಾವ ಯಾವ ದೇಶದಲ್ಲಿ ಇದ್ದರೂ, ಒಟ್ಟಿಗೆ ಓಟು ಹಾಕಿ ತಮಗೊಬ್ಬ ಅಧ್ಯಕ್ಷನನ್ನು ಆರಿಸಿಕೊಳ್ಳುತ್ತಾರೆ. ಅವನ ಕಚೇರಿ ದೂರದ ಉತ್ತರದ ಬೆಟ್ಟದಲ್ಲಿ. ಅವನ ಕೈಯಲ್ಲಿ ಸೈನ್ಯವಿಲ್ಲ, ಗಡಿಯಿಲ್ಲ, ನಾಣ್ಯವಿಲ್ಲ. ಶಾಲೆ, ಆಸ್ಪತ್ರೆ, ಕ್ಯಾಂಪುಗಳ ಯೋಗಕ್ಷೇಮ, ಮತ್ತು ಲೋಕದ ಮುಂದೆ ತನ್ನ ಜನರ ಪರವಾಗಿ ಬಾಯಿ ತೆರೆಯುವುದು, ಇಷ್ಟೇ. ಆ ವರ್ಷ ಕೊನೆಯ ಸುತ್ತಿಗೆ ಇಬ್ಬರು ಉಳಿದಿದ್ದರು. ಒಬ್ಬರು, ಮಾತುಕತೆಯಿಂದಲೇ ಆಗಬೇಕು, ಇನ್ನೊಂದು ಜೀವ ಹೋಗಬಾರದು ಎನ್ನುವವರು. ಇನ್ನೊಬ್ಬರು, ಪೂರ್ತಿ ಸ್ವಾತಂತ್ರ್ಯಕ್ಕಿಂತ ಕಡಿಮೆ ಏನೂ ಬೇಡ, ಹೊಡೆದಾಟದ ಕಾಲ ಬಂದರೆ ಹಿಂದೆ ಸರಿಯಬಾರದು ಎನ್ನುವವರು. ತಾಯಮ್ಮ ಅವರಿಬ್ಬರಿಗೂ ಹೆಸರಿಟ್ಟುಬಿಟ್ಟರು, ಮಾತಿನೋರು ಮತ್ತು ಓರಾಟದೋರು.

ಮೊದಮೊದಲು ಕ್ಯಾಂಪಿನಲ್ಲಿ ಈ ವ್ಯತ್ಯಾಸ ಯಾರಿಗೂ ದೊಡ್ಡದಾಗಿ ಕಂಡಿರಲಿಲ್ಲ. ಜನ ಕೇಳುತ್ತಿದ್ದದ್ದು ಬೇರೆ ಪ್ರಶ್ನೆ. ಸೋಲಾರ್ ಬೇಲಿ ರಿಪೇರಿ ಯಾವಾಗ? ಮುದುಕರ ಆಶ್ರಮಕ್ಕೆ ನರ್ಸ್ ಬರುತ್ತಾಳೋ ಇಲ್ಲವೋ? ಹುಡುಗರೆಲ್ಲ ಹೊರಟುಹೋದರೆ ಶಾಲೆ ಉಳಿಯುತ್ತದೋ? ಲೋಬ್ಸಂಗ್ ಕೂಡ ಜಗಲಿಯಲ್ಲಿ ಕೂತು ಬೇಲಿಯ ವಿಷಯವನ್ನೇ ಮಾತಾಡುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ಎಂದಿನಂತೆ ಒಂದೇ ಕಡೆ ಓಟು ಹಾಕುವವರಿದ್ದರು.

ಹೊಸ ವರ್ಷದ ಚಳಿಯಲ್ಲಿ ಗಡಿಯಲ್ಲಿ ಗಲಾಟೆಯಾಯಿತೆಂಬ ಸುದ್ದಿ ಬಂತು. ಟಿವಿಯಲ್ಲಿ ದಿನವೆಲ್ಲ ಹಿಮದ ಬೆಟ್ಟ, ಸಾಲುಗಟ್ಟಿದ ಲಾರಿ, ಕೂಗಾಟ. ಅಲ್ಲಿಂದ ಕ್ಯಾಂಪಿನ ಮಾತೇ ಬದಲಾಗಿ ಹೋಯಿತು. ಬೇಲಿಯನ್ನು ಯಾರೂ ಕೇಳಲಿಲ್ಲ. ಅಂಗಡಿಯ ಮುಂದೆ, ಅವರ ಮಠವಾದ ಗೊಂಪಾದ ಮೆಟ್ಟಿಲ ಮೇಲೆ, ನಾನು ಲಸಿಕೆ ಹಾಕುವ ಕೊಟ್ಟಿಗೆಗಳಲ್ಲಿ, ಎಲ್ಲೆಲ್ಲೂ ಒಂದೇ ಪ್ರಶ್ನೆ. ಮಾತೋ, ಹೋರಾಟವೋ? ಜಮೀನಿನ ಮೂಲೆಯಲ್ಲಿ ಮುಸುಕಿನ ಜೋಳ ಸುಲಿಯುತ್ತ ಕೂತ ಮುದುಕಿಯರು ಕೂಡ ಬೆಟ್ಟದ ಹೆಸರುಗಳನ್ನು ಹೇಳುತ್ತಿದ್ದರು. ಅದು ಅವರು ಹುಟ್ಟಿದ ದಿಕ್ಕು. ಅದರಾಚೆಗಿನ ಬಯಲನ್ನು ಕೆಲವರು ಮಗುವಾಗಿ ಹೆತ್ತವರ ಬೆನ್ನ ಮೇಲೆ ಕೂತು ದಾಟಿ ಬಂದಿದ್ದರು.

ನನಗೆ ಆಗ ಬೇರೆ ಯಾವುದೂ ತಲೆಗೆ ಹೋಗುತ್ತಿರಲಿಲ್ಲ. ಮಂಜುವಿನ ಫೋನು ನಿಂತಿತ್ತು. ಅವ್ವ ದಿನಾ ಕೇಳುತ್ತಿದ್ದಳು, "ನಿಂಗೇನಾದ್ರೂ ಮಾಡಿದ್ನಾ?" ಇಲ್ಲ ಎಂದು ಹೇಳುವುದೇ ಕಷ್ಟವಾಗಿ, "ಲೈನ್ ಸಿಕ್ಕಿಲ್ಲ ಅಂತ ಕಾಣ್ತದವ್ವ" ಅನ್ನುತ್ತಿದ್ದೆ. ಅವಳು ಟಿವಿಯ ವಯರನ್ನೇ ಕಿತ್ತಿಟ್ಟಿದ್ದಳು. ಒಂದು ದಿನ ಹಸುವಿಗೆ ಆಗಲೇ ಕೊಟ್ಟ ಇಂಜೆಕ್ಷನ್ನನ್ನು ನಾನು ಮತ್ತೆ ಕೊಡಲು ಹೋದದ್ದನ್ನು ಲೋಬ್ಸಂಗ್ ನೋಡಿದರು.

"ಏನಾತು ಡಾಕ್ಟ್ರಮ್ಮ?"

ಹೇಳಿದೆ. ಅವರು ಸಿರಿಂಜನ್ನು ನನ್ನ ಕೈಯಿಂದ ತೆಗೆದು ಕಟ್ಟೆಯ ಮೇಲಿಟ್ಟರು.

"ಕೇಳು. ಮೇಲೆ ಓದ್ರೆ ಫೋನ್ ಇಲ್ಲ. ಕೆಳಗೆ ಬಂದ್ರೆ ಫೋನ್. ಫೋನ್ ಇಲ್ಲ ಅಂದ್ರೆ ಮೇಲೆ ಅವನೆ, ಅಷ್ಟೇ. ಕೆಟ್ಟ ಸುದ್ದಿ ಇದ್ರೆ ಬಿರ್ನೆ ಬತ್ತದೆ. ಸುಮ್ನಿದ್ರೆ ಒಳ್ಳೆ ಸುದ್ದಿ."

ಅಂದಿನಿಂದ ನಾನು ಅವರ ಅಂಗಳಕ್ಕೆ ಕಾಲಿಟ್ಟಾಗಲೆಲ್ಲ ಅವರು ಮೇಲಿನ ಹವಾಮಾನ ಹೇಳುತ್ತಿದ್ದರು. ಇವತ್ತು ಗಾಳಿ ಇರುತ್ತದೆ, ಟೆಂಟಿನೊಳಗೇ ಇರುತ್ತಾನೆ. ಇವತ್ತು ಬಿಸಿಲು, ಬಟ್ಟೆ ಒಣಗಿಸುತ್ತಾನೆ. ಎಲ್ಲಿಂದ ಗೊತ್ತಾಗುತ್ತಿತ್ತೋ ದೇವರೇ ಬಲ್ಲ. ಬಹುಶಃ ಕಟ್ಟಿ ಹೇಳುತ್ತಿದ್ದರು. ಅದನ್ನೇ ನಾನು ಯಳಂದೂರಿಗೆ ಫೋನು ಮಾಡಿ ಅವ್ವನಿಗೆ ಹೇಳುತ್ತಿದ್ದೆ. ಅವಳು, "ಆ ತಾತನಿಗೆ ನನ್ನ ನಮಸ್ಕಾರ ಏಳು" ಅನ್ನುತ್ತಿದ್ದಳು.

ಅವರ ಹೊಸ ವರ್ಷದ ಹಬ್ಬ ಕಳೆದ ಮೇಲೆ, ಸ್ವೆಟರ್ ಮಾರಲು ಹೋದವರೆಲ್ಲ ಬಂದು ಕ್ಯಾಂಪು ತುಂಬಿದಾಗ, ಸಮುದಾಯ ಭವನದಲ್ಲಿ ಸಭೆ ಸೇರಿತು. ಎರಡೂ ಕಡೆಯವರ ಪ್ರತಿನಿಧಿಗಳು ಬಂದಿದ್ದರು. ಲಸಿಕೆಯ ದಿನಗಳನ್ನು ತಿಳಿಸಲು ನನಗೂ ಮೈಕ್ ಕೊಟ್ಟರು. ಹೇಳಿ ಹೊರಡುವಷ್ಟರಲ್ಲಿ ಚಹಾ ಬಂತು, ಕೂರಿಸಿದರು. ಪೇಮಾ ಪಕ್ಕದಲ್ಲಿ ಕೂತು, ಅಲ್ಲಿ ಆಡಿದ್ದನ್ನೆಲ್ಲ ಕನ್ನಡದಲ್ಲಿ ನನ್ನ ಕಿವಿಗೆ ಹೇಳುತ್ತಿದ್ದಳು.

ಹೋರಾಟದ ಕಡೆಯವರು ನಿವೃತ್ತ ಸೈನಿಕರು ಮುಂದೆ ಬರಲಿ ಎಂದು ಕರೆದರು. ಲೋಬ್ಸಂಗ್ ಹಳೆಯ ಕೋಟು ತೊಟ್ಟು ಪದಕ ಹಾಕಿಕೊಂಡು ಬಂದಿದ್ದರು. ಎದ್ದು ಮಾತಾಡಿದರು. ಪೇಮಾ ಹೆಮ್ಮೆಯಿಂದ ಒಂದೊಂದು ಪದವನ್ನೂ ಕನ್ನಡಕ್ಕೆ ತಂದಳು. "ನಾನು ಎಲ್ಲರ ನೆಲಕ್ಕೂ ಕಾದಾಡಿದ್ದೀನಿ. ನನ್ನ ನೆಲಕ್ಕೆ ಕಾದಾಡೋ ಅವಕಾಶ ಮಾತ್ರ ಸಿಗಲಿಲ್ಲ. ಈಗ ಗಡಿ ಎದ್ದಿದೆ. ಈಗಲೂ ಚಹಾ ಕುಡೀತಾ ಮಾತಾಡೋಣ ಅಂದ್ರೆ, ನಾವು ಸಾಯೋ ತನಕ ಚಹಾನೇ ಕುಡೀತಾ ಇರ್ತೀವಿ." ಭವನವೆಲ್ಲ ಚಪ್ಪಾಳೆ. ಪೇಮಾ ಎದ್ದು ನಿಂತು ತಟ್ಟಿದಳು.

ಆಗ ಹೆಂಗಸರ ಸಾಲಿನಿಂದ ಡೋಲ್ಕರ್ ಎದ್ದರು. ಮಂಡಿನೋವಿನವರು, ಕುರ್ಚಿ ಹಿಡಿದು ನಿಧಾನಕ್ಕೆ ಎದ್ದರು. ಮೈಕ್ ಕೊಡಲು ಬಂದವನಿಗೆ ಬೇಡ ಎಂದು ಕೈಯಾಡಿಸಿದರು. ಪೇಮಾ ಗಾಬರಿಯಿಂದ, "ಮೋಲಾ ಯಾವತ್ತೂ ಸಭೇಲಿ ಮಾತಾಡಿಲ್ಲ" ಅಂದಳು. ಆಮೇಲೆ ಅಜ್ಜಿ ಹೇಳಿದ್ದನ್ನು ಕನ್ನಡದಲ್ಲಿ ಹೇಳತೊಡಗಿದಳು.

"ನನ್ನ ಅಣ್ಣನೂ ಆ ಯುದ್ಧಕ್ಕೆ ಹೋಗಿದ್ದ. ಆ ಊರಿನ ಜನಕ್ಕೆ ಸ್ವಾತಂತ್ರ್ಯ ಸಿಕ್ತು. ಒಳ್ಳೇದಾಯ್ತು. ನನಗೆ ಒಂದು ಕಂಬಳಿ ಸಿಕ್ತು. ಈಗ ನಮ್ಮ ಮನೇಲಿ ಒಬ್ಬಳು ಹುಡುಗಿ..." ಪೇಮಾ ನನ್ನ ಕಡೆ ತಿರುಗಿ, "ಅಂದ್ರೆ ನಾನು ಅಕ್ಕಾ" ಎಂದು ಸೇರಿಸಿ ಮುಂದುವರಿಸಿದಳು. "ಸೈನ್ಯಕ್ಕೆ ಸೇರ್ತೀನಿ ಅಂತಾಳೆ. ಸೇರಲಿ. ನಾನು ತಡೆಯಲ್ಲ. ಅಧ್ಯಕ್ಷರಾಗೋರು ಸೈನ್ಯ ಕಳಿಸಲ್ಲ, ಅದೂ ನನಗೆ ಗೊತ್ತು. ಆದರೆ ಅವರು ಮೇಲೆ ನಿಂತು ಏನು ಹೇಳ್ತಾರೋ ಅದನ್ನ ಕೇಳಿಯೇ ನಮ್ಮ ಮಕ್ಕಳು ಹೊರಡೋದು. ಹಾಗಾಗಿ ಬಾಯಿ ತೆರೆಯೋಕೆ ಮುಂಚೆ ಹೆದರೋ ಮನುಷ್ಯ ನನಗೆ ಬೇಕು. ನನ್ನ ಓಟು ಅಂಥವರಿಗೆ."

ಡೋಲ್ಕರ್ ಕೂತರು. ಚಪ್ಪಾಳೆ ಬರಲಿಲ್ಲ. ಆದರೆ ಹೆಂಗಸರ ಸಾಲಿನಲ್ಲಿ ಯಾರೋ ಅವರ ಬೆನ್ನು ಸವರಿದರು, ಇನ್ಯಾರೋ ಮೂಗು ಒರೆಸಿಕೊಂಡರು. ಪೇಮಾ ನನ್ನ ಕಡೆ ನೋಡದೆ ಚಹಾ ಲೋಟದ ಅಂಚನ್ನೇ ಉಜ್ಜುತ್ತಿದ್ದಳು. ಮುಂದಿನ ಸಾಲಿನಲ್ಲಿ ಲೋಬ್ಸಂಗ್ ಅವರ ಕತ್ತು ಕೆಂಪಾಗಿತ್ತು.

ಆ ಮನೆ ಎರಡು ಪಾರ್ಟಿಯಾಯಿತು. ಜಗಳವಾದರೂ ಆಗಿದ್ದರೆ ಚೆನ್ನಾಗಿತ್ತು, ಮಾತೇ ನಿಂತುಹೋಯಿತು. ಲೋಬ್ಸಂಗ್ ತಾವೇ ಕಪ್ಪು ಚಹಾ ಕಾಯಿಸಿಕೊಂಡು ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು ಕುಡಿಯುತ್ತಿದ್ದರು. ಏನಾದರೂ ಹೇಳುವುದಿದ್ದರೆ ಹಸುವಿಗೆ ಹೇಳುತ್ತಿದ್ದರು. ಒಳಗಿನಿಂದ ಡೋಲ್ಕರ್ ಕೂಡ ಹಸುವಿಗೇ ಉತ್ತರ ಕೊಡುತ್ತಿದ್ದರು. ಏನು ಮಾತಾಡುತ್ತಿದ್ದಾರೆ ಎಂದು ಪೇಮಾಳನ್ನು ಕೇಳಿದೆ. "ಹುಲ್ಲು ಖಾಲಿಯಾಗಿದೆ ಅಂತ ಪೋಲಾ ಹಸೂಗೆ ಹೇಳ್ತಾರೆ. ಕಾಲಿರೋದು ಭಾಷಣಕ್ಕೆ ಎದ್ದು ನಿಲ್ಲೋಕೆ ಮಾತ್ರ ಅಲ್ಲ, ಹುಲ್ಲು ತರೋಕೂ ಅಂತ ಮೋಲಾ ಹಸೂಗೆ ಹೇಳ್ತಾರೆ" ಅಂದಳು. ಹಸು ಇಬ್ಬರನ್ನೂ ನೋಡುತ್ತ ಮೆಲುಕು ಹಾಕುತ್ತಿತ್ತು.

ತಾಯಮ್ಮನಿಗೆ ಇದು ತಡೆಯಲಿಲ್ಲ. ಒಂದು ಮಧ್ಯಾಹ್ನ ನನ್ನನ್ನೂ ಎಳೆದುಕೊಂಡು ಹೋಗಿ ಇಬ್ಬರ ನಡುವೆ ಅಂಗಳದಲ್ಲಿ ನಿಂತರು. "ಯಾನ ತಾತ ಇದು? ನಮ್ಮನೇಲೂ ನನ್ ಗಂಡ ಒಂದ್ ಪಾರ್ಟಿ, ನಾನೊಂದ್ ಪಾರ್ಟಿ. ಓಟ್ ಆಕ್ಬುಟ್ಟು ಬಂದು ಒಂದೇ ತಟ್ಟೇಲಿ ಮುದ್ದೆ ಮುರ್ಕತೀವಿ. ನೀವಿಬ್ರೂ ಆಕೋ ಓಟು ಒಂದ್ಕೊಂದು ವಜಾ. ಇಬ್ರೂ ಮನೇಲಿ ಇದ್ಬುಡಿ, ನೆಮ್ದಿ."

ಲೋಬ್ಸಂಗ್ ಚಹಾ ಬಟ್ಟಲು ಕೆಳಗಿಟ್ಟರು. "ಇಲ್ಲ ತಾಯಮ್ಮ" ಅಂದರು. "ಅಪ್ಪಂಗೆ ಯಾರೂ ಕೇಳ್ಲಿಲ್ಲ, ಇರ್ತೀಯಾ ಓಯ್ತೀಯಾ ಅಂತ. ಅಜ್ಜಂಗೆ ಕೇಳ್ಲಿಲ್ಲ. ನಂಗೆ ಕೇಳ್ತಾರೆ. ಅವಳ್ಗೂ ಕೇಳ್ತಾರೆ. ಮನೇಲಿ ಕೂತ್ಕಳಲ್ಲ." ಹೆಂಡತಿಯ ವಿಷಯ ಬಂದಾಗ ಒಳಗಿನ ಪಾತ್ರೆ ಸದ್ದು ನಿಂತಿದ್ದನ್ನು ನಾನು ಗಮನಿಸಿದೆ.

ಮೌನ ಮುರಿದದ್ದು ಮಂಜು. ಒಂದು ಬೆಳಿಗ್ಗೆ ಅವರ ಕೊಟ್ಟಿಗೆಯಲ್ಲೇ ಇದ್ದಾಗ ನನ್ನ ಫೋನು ಗುಣುಗುಟ್ಟಿತು. ಗೊತ್ತಿಲ್ಲದ ನಂಬರು. "ಅಕ್ಕಾ" ಅಂದ. ಅಷ್ಟೇ ಕೇಳಿದ್ದು. ನಾನು ಗೊಂತಿನ ಕಂಬ ಹಿಡಿದು ಅಳಲು ಶುರು ಮಾಡಿದೆ. ಲೋಬ್ಸಂಗ್ ಗಾಬರಿಯಾಗಿ ಫೋನು ಕಿತ್ತುಕೊಂಡರು. ನನ್ನ ತಮ್ಮ ಬದುಕಿದ್ದಾನೆ ಎಂದು ತಿಳಿದ ಕೂಡಲೇ ಅವರ ಬೆನ್ನು ನೆಟ್ಟಗಾಯಿತು, ಸೈನ್ಯದ ಹಿಂದಿಯಲ್ಲಿ ಗಡುಸಾಗಿ ಮಾತಾಡತೊಡಗಿದರು. ಎಲ್ಲಿದ್ದೆ ಎಂದು ಕೇಳಲಿಲ್ಲ, ಏನಾಯಿತು ಎಂದೂ ಕೇಳಲಿಲ್ಲ. ಕಾಲ್ಬೆರಳು ಸರಿಯಾಗಿವೆಯಾ, ಒದ್ದೆ ಸಾಕ್ಸ್ ಹಾಕಿಕೊಂಡು ಮಲಗಬೇಡ, ನೀರು ಕುಡಿ, ಅಮ್ಮನಿಗೆ ಮೊದಲು ಫೋನ್ ಮಾಡು, ಇಷ್ಟೇ ಹೇಳಿದರು. ಫೋನಿಟ್ಟು ನನ್ನ ತಲೆಯ ಮೇಲೆ ಕೈಯಿಟ್ಟರು.

ಡೋಲ್ಕರ್ ಒಳಗಿನಿಂದ ಉಣ್ಣೆಯ ಉಂಡೆ ತಂದರು. ಮಂಜುವಿಗೆ ಕಾಲುಚೀಲ ಹೆಣೆಯುತ್ತೇನೆ, ಪಾದ ಎಷ್ಟುದ್ದ ಎಂದು ಕೇಳಿದರು. ನಾನು ಕೈಯಲ್ಲಿ ತೋರಿಸಿದೆ. ಅವರು ಹೆಣಿಗೆ ಹಾಕಲು ಶುರು ಮಾಡಿದ್ದೇ ತಡ, ಲೋಬ್ಸಂಗ್ ತಡೆಯಲಾರದೆ ನೇರವಾಗಿ ಹೆಂಡತಿಗೇ ಏನೋ ಅಂದರು. ಡೋಲ್ಕರ್ ತಿರುಗಿ ಏನೋ ಅಂದರು. ಲೋಬ್ಸಂಗ್ ತಮ್ಮ ಮಂಡಿಯ ಕೆಳಗೆ ಕೈಯಿಟ್ಟು ತೋರಿಸಿದರು. ಚೀಲ ಅಲ್ಲಿಯ ತನಕ ಬರಬೇಕು, ಇಲ್ಲದಿದ್ದರೆ ಬೂಟಿನೊಳಗೆ ಹಿಮ ಇಳಿಯುತ್ತದೆ ಎಂಬುದು ಅವರ ವಾದ. ಉಣ್ಣೆ ಸಾಲದು ಎಂಬುದು ಡೋಲ್ಕರ್ ಅವರದು. ಅರ್ಧ ಹೆಣೆದಿದ್ದನ್ನು ಬಿಚ್ಚಿದರು, ಮತ್ತೆ ಹಾಕಿದರು. ಪೇಮಾ ನನ್ನನ್ನು ತಿವಿದು ನಕ್ಕಳು. ಆ ದಿನ ಲೋಬ್ಸಂಗ್ ಅವರ ಬಟ್ಟಲಿಗೆ ಬೆಣ್ಣೆ ಬಿತ್ತು.

ಅಭಿಪ್ರಾಯ ಮಾತ್ರ ಯಾರದೂ ಬದಲಾಗಲಿಲ್ಲ. ಓಟಿನ ದಿನ ಬಿಸಿಲು ಚುರುಗುಟ್ಟುತ್ತಿತ್ತು. ಕ್ಯಾಂಪಿನ ಹೆಂಗಸರೆಲ್ಲ ಉದ್ದ ನಿಲುವಂಗಿ, ಮುಂದೆ ಕಟ್ಟುವ ಪಟ್ಟೆ ಪಟ್ಟೆಯ ಏಪ್ರನ್ ತೊಟ್ಟು ಹಬ್ಬಕ್ಕೆ ಹೊರಟಂತೆ ಹೊರಟಿದ್ದರು. ನಾನು ಸ್ಕೂಟರ್ ತರುತ್ತೇನೆ, ಅಮಾಲಾರನ್ನು ಕೂರಿಸಿಕೊಂಡು ಹೋಗುತ್ತೇನೆ ಅಂದೆ. ಲೋಬ್ಸಂಗ್ ಬೇಡವೆಂದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಹೆಂಡತಿಯ ತೋಳು ಹಿಡಿದುಕೊಂಡು, ಅವರ ಮಂಡಿಯ ನೋವಿಗೆ ಸರಿಯಾಗಿ ಹೆಜ್ಜೆ ಹಾಕುತ್ತ ನಡೆದರು. ತಮ್ಮ ವಿರುದ್ಧದ ಓಟನ್ನು ತಾವೇ ನೆರಳು ಹಿಡಿದು ಕರೆದುಕೊಂಡು ಹೋದದ್ದನ್ನು ಕ್ಯಾಂಪೆಲ್ಲ ನೋಡಿತು. ತಾಯಮ್ಮ ಬೇಲಿಯ ಪಕ್ಕ ನಿಂತು, "ನೋಡವ್ವ, ಎಂಗೆ ಓಯ್ತಾವ್ರೆ ಮದ್ವೆ ಗಂಡೆಣ್ಣು ಓದಂಗೆ" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ಎಲ್ಲ ದೇಶಗಳ ಎಣಿಕೆ ಮುಗಿದು ಫಲಿತಾಂಶ ಬರುವಷ್ಟರಲ್ಲಿ ಮೊದಲ ಮಳೆ ಬಿದ್ದಿತ್ತು. ಮಾತಿನವರು ಗೆದ್ದರು. ಒಡೆಯರಪಾಳ್ಯದ ಕ್ಯಾಂಪಿನಲ್ಲಿ ಹೋರಾಟದವರಿಗೇ ಹೆಚ್ಚು ಬಿದ್ದಿತ್ತೆಂದು ಕೆಲವರು, ಹೆಂಗಸರ ಓಟು ಡೋಲ್ಕರ್ ಮಾತಿನಿಂದ ತಿರುಗಿತೆಂದು ಕೆಲವರು ಹೇಳಿದರು. ನಿಜ ನನಗೆ ತಿಳಿಯದು. ಲೋಬ್ಸಂಗ್ ಒಂದು ದಿನ ಊಟ ಸರಿಯಾಗಿ ಮಾಡಲಿಲ್ಲ. ಮಾರನೆಯ ದಿನ ನೇಗಿಲು ಹೂಡುವವರ ಹಿಂದೆ ನಿಂತು, ಬಿತ್ತನೆಯ ಸಾಲು ಓರೆಯಾಯಿತೆಂದು ತಾಯಮ್ಮನ ಮೇಲೆ ರೇಗಾಡುತ್ತಿದ್ದರು. ಸರಿಹೋದರು ಎಂದುಕೊಂಡೆ. ಡೋಲ್ಕರ್ ಗೆದ್ದ ಸಂತೋಷವನ್ನು ಎಲ್ಲೂ ತೋರಿಸಿಕೊಳ್ಳಲಿಲ್ಲ.

ಜೋಳದ ಪೈರು ಮೊಣಕಾಲೆತ್ತರ ಬಂದಾಗ ಪೇಮಾ ಆಯ್ಕೆಯಾದ ಸುದ್ದಿ ಬಂತು. ಹೊರಡುವ ದಿನ ಭಾನುವಾರ. ನಾನೂ ಯಳಂದೂರಿಗೆ ಹೋಗುವವಳಿದ್ದೆ. ನಾಲ್ವರೂ ಒಂದೇ ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಇಳಿದೆವು. ಪೇಮಾ ಅಲ್ಲಿಂದ ಮೈಸೂರಿಗೆ ಹೋಗಿ ರೈಲು ಹಿಡಿಯಬೇಕಿತ್ತು. ಅವಳ ಅಪ್ಪ ಅಮ್ಮ ಮೈಸೂರಿನಲ್ಲಿ ಉಣ್ಣೆ ಕೊಳ್ಳಲು ಹೋಗಿದ್ದವರು ಅಲ್ಲೇ ಕಾಯುತ್ತಿದ್ದರು. ದಾರಿಯುದ್ದಕ್ಕೂ ಲೋಬ್ಸಂಗ್ ಕಂಡಕ್ಟರಿಗೆ, ಪಕ್ಕದ ಸೀಟಿನವರಿಗೆ, ಹಿಂದಿನ ಸೀಟಿನವರಿಗೆ, "ನನ್ ಮೊಮ್ಮಗಳು, ಸೈನ್ಯ" ಎಂದು ಹೇಳುತ್ತಲೇ ಬಂದರು. ಡೋಲ್ಕರ್ ಕಿಟಕಿಯ ಹೊರಗೆ ನೋಡುತ್ತ ಮಣಿ ಎಣಿಸುತ್ತಿದ್ದರು.

ಬಸ್ ಸ್ಟ್ಯಾಂಡಿನಲ್ಲಿ ಎಲ್ಲ ತಲೆಕೆಳಗಾಯಿತು. ಮೈಸೂರು ಬಸ್ಸು ಬಂದು ನಿಂತಾಗ ಲೋಬ್ಸಂಗ್ ಮೊಮ್ಮಗಳ ಚೀಲವನ್ನು ಎದೆಗೆ ಅವುಚಿಕೊಂಡು ನಿಂತುಬಿಟ್ಟರು, ಕೊಡಲೇ ಇಲ್ಲ. ಡೋಲ್ಕರ್ ಗಂಡನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಚೀಲ ತೆಗೆದು ಪೇಮಾಳಿಗೆ ಕೊಟ್ಟರು. ಬಿಳಿ ರೇಷ್ಮೆಯ ಶಾಲನ್ನು ಅವಳ ಕೊರಳಿಗೆ ಹಾಕಿದರು. ಅಜ್ಜಿ ಮೊಮ್ಮಗಳು ಹಣೆಗೆ ಹಣೆ ತಾಗಿಸಿ ಒಂದು ಗಳಿಗೆ ನಿಂತರು. ಡೋಲ್ಕರ್ ಅವಳ ಕೆನ್ನೆ ತಟ್ಟಿ, "ನಡಿ ನಡಿ" ಎಂದು ಕನ್ನಡದಲ್ಲೇ ಅಂದರು, ಹಸುವನ್ನು ಮೇಯಲು ಹೊಡೆಯುವ ದನಿಯಲ್ಲಿ. ಪೇಮಾ ಅಳುತ್ತಲೇ ನಕ್ಕು ಬಸ್ಸು ಹತ್ತಿದಳು.

ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಲೋಬ್ಸಂಗ್ ಕಲ್ಲು ಬೆಂಚಿನ ಮೇಲೆ ಕೂತರು. ನಾನು ನೀರಿನ ಬಾಟಲಿ ಕೊಟ್ಟೆ. ಕುಡಿದು ಬಾಯಿ ಒರೆಸಿಕೊಂಡು ಹೇಳಿದರು, "ಡಾಕ್ಟ್ರಮ್ಮ, ಮುಂದಿನ ಸಲ ನನ್ ಓಟು ಮಾತಿನೋರಿಗೆ."

"ಯಾಕೆ ಪಾಲಾ?"

"ಮಾತಾಡ್ತಾ ಇದ್ರೆ ಗುಂಡು ಬೀಳಲ್ಲ. ಎಷ್ಟ್ ವರ್ಷ ಆದ್ರೂ ಮಾತಾಡ್ಲಿ. ಚಹಾ ಕುಡೀಲಿ."

ಡೋಲ್ಕರ್ ಪಕ್ಕದಲ್ಲಿ ನಿಂತು ಕೇಳಿಸಿಕೊಂಡವರು ಗಂಡನ ಕಡೆ ತಿರುಗಿದರು. "ನಂದು ನಿನ್ನೋರಿಗೆ" ಅಂದರು.

ಲೋಬ್ಸಂಗ್ ತಲೆಯೆತ್ತಿ ನೋಡಿದರು. ನನಗೂ ಅರ್ಥವಾಗಲಿಲ್ಲ. ನಾನು ಕೇಳಿದೆ, "ಹೋರಾಟದವರಿಗಾ ಅಮಾಲಾ? ನೀವಾ?"

"ಉಡುಗಿ ಓದ್ಲಲ್ಲ ಡಾಕ್ಟ್ರಮ್ಮ. ಅಲ್ಲಿ ನಿಂತ್ಕತಾಳೆ. ಇಲ್ಲಿ ಮೆತ್ತಗಿರೋನು ಕೂತ್ರೆ ಅವಳ ಬೆನ್ನಿಗೆ ಯಾರು?"

ಲೋಬ್ಸಂಗ್ ಬೆಂಚಿನಿಂದ ಎದ್ದೇಬಿಟ್ಟರು. ಟಿಬೇಟಿ ಭಾಷೆಯಲ್ಲಿ ಜೋರಾಗಿ ಶುರುವಾಯಿತು. ಅವರು ಕೈ ಬೀಸಿದರೆ ಇವರು ಮಣಿಸರ ಬೀಸಿದರು. ಕಡಲೆಕಾಯಿ ಮಾರುವವನು ನಿಂತು ನೋಡಿದ. ಕುಂತೂರು ಕಡೆಯ ಫ್ಯಾಕ್ಟರಿಗೆ ಹೊರಟ ಕಬ್ಬಿನ ಟ್ರ್ಯಾಕ್ಟರೊಂದು ಹಾರನ್ ಹೊಡೆದರೂ ಅವರಿಗೆ ಕೇಳಿಸಲಿಲ್ಲ. ಮಾತಾಡುತ್ತ ಮಾತಾಡುತ್ತಲೇ ಲೋಬ್ಸಂಗ್ ಹೆಂಡತಿಯ ಕೈಚೀಲವನ್ನು ತಮ್ಮ ಹೆಗಲಿಗೆ ಹಾಕಿಕೊಂಡರು. ಡೋಲ್ಕರ್ ಗಂಡನ ಕೋಟಿನ ಮೇಲೆ ಬಿದ್ದ ನೀರನ್ನು ತಮ್ಮ ತೋಳಿನಿಂದ ಒರೆಸಿದರು. ಒರೆಸುತ್ತಲೇ ಬೈಯುತ್ತಿದ್ದರು. ಒಡೆಯರಪಾಳ್ಯದ ಬಸ್ಸಿನ ಕಂಡಕ್ಟರ್, "ಬಸ್ಸತ್ತಿ ತಾತ, ಒಳಗೆ ಕೂತ್ಕಂಡು ಜಗಳ ಆಡ್ಕಳಿ" ಎಂದು ಕೂಗಿದ. ಇಬ್ಬರೂ ಹತ್ತಿದರು, ಒಂದೇ ಸೀಟಿನಲ್ಲಿ ಕೂತರು, ಕಿಟಕಿಯಿಂದ ಎರಡು ದನಿಗಳೂ ಕೇಳುತ್ತಲೇ ಇದ್ದವು.

ನನ್ನ ಯಳಂದೂರು ಬಸ್ಸು ಹೊರಟು ಹೋಗಿದ್ದು ನನಗೆ ಗೊತ್ತಾಗಲೇ ಇಲ್ಲ.